ಪರದೆಯೊಳಗಿನ ಪುಷ್ಪಾವತಿ

ಕುವೈತ್ ವಿಮಾನ ನಿಲ್ದಾಣದಲ್ಲಿ ಪುಷ್ಪಾವತಿಯನ್ನು ನೋಡಿ ಮುಖ ಅರಳಿಸಿದವರು ಕಡಿಮೆ. ಅವಳ ಕೆಲಸವೇ ಅಂಥದ್ದು. ವಿಮಾನ ಹತ್ತಲು ಹೊರಟ ಹೆಂಗಸರನ್ನು ಒಬ್ಬೊಬ್ಬರಾಗಿ ಪರದೆಯ ಒಳಗೆ ಕರೆದು ಮೈ ತಡವಿ ನೋಡಬೇಕು.

ಮುಲ್ಕಿಯಿಂದ ಬಂದ ಹೊಸತರಲ್ಲಿ ಅವಳು ಅಲ್ಲಿ ನೆಲ ಒರೆಸುತ್ತಿದ್ದಳು. ಗಂಡ ರೋಹಿದಾಸ ಫಹಾಹೀಲಿನ ಒಂದು ಹೋಟೆಲಿನಲ್ಲಿ ಅಡುಗೆಗಿದ್ದ. ಮಕ್ಕಳು ಊರಿನಲ್ಲಿ ಅಜ್ಜಿಯ ಹತ್ತಿರ ಇದ್ದರು. ಆಗ ನಿಲ್ದಾಣವೆಂದರೆ ಮದುವೆ ಮನೆಯಂತಿತ್ತು, ಕಳಿಸಿಕೊಡಲು ಬಂದವರೇ ಹೆಚ್ಚು. ಆಮೇಲೆ ಅಲ್ಲಿ ಇಲ್ಲಿ ವಿಮಾನಗಳ ಅಪಹರಣವಾಯಿತು, ಆಕಾಶದಲ್ಲೇ ಬಾಂಬು ಸಿಡಿಯಿತು. ಎಲ್ಲ ದೇಶಗಳ ನಿಲ್ದಾಣಗಳೂ ಒಂದೊಂದಾಗಿ ಬದಲಾದವು. ಕಳಿಸಲು ಬಂದವರು ಗಾಜಿನ ಗೋಡೆಯ ಆಚೆಗೇ ನಿಲ್ಲಬೇಕಾಯಿತು. ಚೀಲಗಳನ್ನು ನೋಡಲು ಎಕ್ಸ್‌ರೇ ಯಂತ್ರ ಬಂತು, ಗಂಡಸರ ಜೇಬು ತಡಕಲು ಪೊಲೀಸರು ಬಂದರು. ಹೆಂಗಸರನ್ನು ಮುಟ್ಟಲು ಹೆಂಗಸೇ ಆಗಬೇಕು, ಆದರೆ ಆ ಕೆಲಸಕ್ಕೆ ಯಾರೂ ಮುಂದೆ ಬರಲಿಲ್ಲ. ಕೊನೆಗೆ ನೆಲ ಒರೆಸುವವಳಿಗೆ ಸಮವಸ್ತ್ರ ಕೊಟ್ಟು ಪರದೆಯೊಳಗೆ ನಿಲ್ಲಿಸಿದರು.

ಶ್ರೀಮಂತರ ಮನೆಯವರು ಅವಳನ್ನು ಕೆಲಸದಾಳಿನಂತೆ ಗದರಿದರು. ಊರಿನವರು ಅಬ್ಬಾಸಿಯಾ ಪೇಟೆಯ ಅಂಗಡಿಯಲ್ಲಿ ಎದುರಾದರೆ ಬೇರೆ ಕಡೆ ನೋಡಿದರು. ಮೊದಮೊದಲು ಅತ್ತಳು. ಆಮೇಲೆ ಅವಳ ಮಾತೂ ಕೈಯೂ ಒರಟಾದವು.

೧೯೯೦ರ ರಂಜಾನ್ ತಿಂಗಳಲ್ಲಿ ಸಫೂರಾ ಎಂಬ ಕರಾವಳಿಯ ಬ್ಯಾರಿ ಮುಸ್ಲಿಂ ಹುಡುಗಿ ಮಗು ಹನಾನ್‌ಳನ್ನು ಎತ್ತಿಕೊಂಡು ಪರದೆಯೊಳಗೆ ಬಂದಳು. ಮಗುವಿನ ಬಾಟಲಿಯಲ್ಲಿ ಹಾಲಿದ್ದರೆ ತಾಯಿ ಕುಡಿದು ತೋರಿಸಬೇಕೆಂದು ಆಗಷ್ಟೇ ನಿಯಮ ಬಂದಿತ್ತು.

"ಸ್ವಲ್ಪ ಕುಡಿದು ತೋರಿಸಿ," ಎಂದಳು ಪುಷ್ಪಾವತಿ.

"ನನಗೆ ಉಪವಾಸ ಉಂಟು ಅಕ್ಕ."

"ಹಾಗಾದ್ರೆ ಹಾಲು ಇಲ್ಲೇ ಬಿಟ್ಟು ಹೋಗಿ."

"ಮಗು ಬೊಂಬಾಯಿ ತನಕ ಎಂತ ಕುಡೀಬೇಕು?"

"ಅದು ನನ್ನ ಹತ್ರ ಕೇಳ್ಬೇಡಿ."

ಮೇಲ್ವಿಚಾರಕನನ್ನು ಕರೆದಿದ್ದರೆ ಅವನೇ ಬಿಟ್ಟು ಕಳಿಸುತ್ತಿದ್ದನೋ ಏನೋ. ಆದರೆ ಬೆಳಗಿನಿಂದ ಎಲ್ಲರ ಬೈಗುಳ ಕೇಳಿ ಪುಷ್ಪಾವತಿಗೆ ತಲೆ ಕೆಟ್ಟಿತ್ತು. ಸಫೂರಾ ಒಂದು ಗುಟುಕು ಕುಡಿದು ಉಪವಾಸ ಮುರಿದಳು. ಹೋಗುವಾಗ ತಿರುಗಿ ನಿಂತು ಆ ಮುಖವನ್ನು ಚೆನ್ನಾಗಿ ನೋಡಿಕೊಂಡಳು.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು, ನಿಲ್ದಾಣ ಮುಚ್ಚಿತು. ಚೀಲ ನೋಡುವ ಯಂತ್ರಗಳನ್ನು ಸೈನಿಕರು ಲಾರಿಗೆ ಹೇರಿಕೊಂಡು ಹೋದರೆಂದು ಪುಷ್ಪಾವತಿ ಯಾರದೋ ಬಾಯಲ್ಲಿ ಕೇಳಿದಳು. ರೋಹಿದಾಸ ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದ, ಇವಳು ಒಬ್ಬಳೇ. ಸೆಪ್ಟೆಂಬರಿನಲ್ಲಿ, ಬಾಗ್ದಾದ್ ಮಾರ್ಗವಾಗಿ, ಊರಿನ ವಿಮಾನ ಸಿಗುವ ಜೋರ್ಡಾನಿಗೆ ಹೋಗುವ ಒಂದು ಬಸ್ಸಿನಲ್ಲಿ ಅವಳಿಗೆ ಸೀಟು ಸಿಕ್ಕಿತು.

ಅದೇ ಬಸ್ಸಿಗೆ ಸಫೂರಾ ಮಗುವಿನೊಂದಿಗೆ ಹತ್ತಿದಳು. ಜೊತೆಗೆ ಗಂಡ ಅಬ್ದುಲ್ ರಹಿಮಾನ್. ಊರಿಗೆ ಹೋದವಳು ಜುಲೈಯಲ್ಲಿ ಮರಳಿ ಬಂದು ಸಿಕ್ಕಿಬಿದ್ದಿದ್ದಳು. ಪುಷ್ಪಾವತಿಯ ಪಕ್ಕದ ಸೀಟು ಖಾಲಿಯಿತ್ತು. ಸಫೂರಾ ಅಲ್ಲೇ ನಿಂತು ಬಸ್ಸಿಗೆಲ್ಲ ಕೇಳುವಂತೆ ಹೇಳಿದಳು.

"ಇವಳ ಹತ್ರ ಯಾರೂ ಕೂತ್ಕೊಳ್ಬೇಡಿ. ಏರ್‌ಪೋರ್ಟಿನಲ್ಲಿ ಹೆಂಗಸರ ಮೈಗೆ ಕೈ ಹಾಕ್ತಿದ್ದವಳು ಇವಳೇ. ನನ್ನ ಉಪವಾಸ ಮುರಿಸಿದವಳು."

ಯಾರೂ ಕೂರಲಿಲ್ಲ. ಜನ ನಿಂತುಕೊಂಡು ಬಂದರೂ ಆ ಸೀಟು ಖಾಲಿಯೇ ಇತ್ತು. ಎಲ್ಲರೂ ಫೆಲ್ಸಿ ಬಾಯಿ ಎಂದು ಕರೆಯುತ್ತಿದ್ದ ಕೊಂಕಣಿ ನರ್ಸ್ ಮಾತ್ರ ಒಂದು ಸಲ ನೀರಿನ ಬಾಟಲಿ ದಾಟಿಸಿದಳು. ಪುಷ್ಪಾವತಿ ಕುಡಿದು ಹಿಂದಕ್ಕೆ ಕೊಟ್ಟಾಗ ಫೆಲ್ಸಿ ಅದರ ಬಾಯಿಯನ್ನು ಸೆರಗಿನಿಂದ ಒರೆಸಿಕೊಂಡಳು.

ಜೋರ್ಡಾನಿನ ಗಡಿಗೆ ಮೊದಲಿನ ಇರಾಕಿನವರ ಕಾವಲು ಠಾಣೆಯಲ್ಲಿ ಬಸ್ಸು ಸಾಲಿನಲ್ಲಿ ನಿಂತಿತು. ಅಲ್ಲಿ ಚಿನ್ನ ಕಸಿಯುತ್ತಾರೆಂದು ಮುಂದಿನ ಬಸ್ಸಿನಿಂದ ಸುದ್ದಿ ಬಂತು. ಹೆಂಗಸರು ಬಳೆ, ಸರಗಳನ್ನು ಬಿಚ್ಚಿ ಅಡಗಿಸತೊಡಗಿದರು. ಸಫೂರಾ ತನ್ನ ಮದುವೆಯ ಬಳೆಗಳನ್ನು ಹಾಲಿನ ಪುಡಿಯ ಡಬ್ಬದೊಳಗೆ ಹುದುಗಿಸುವುದು ಪುಷ್ಪಾವತಿಯ ಕಣ್ಣಿಗೆ ಬಿತ್ತು. ಸುಮ್ಮನಿರೋಣವೆಂದುಕೊಂಡಳು. ಆಗಲಿಲ್ಲ, ಎದ್ದು ಹೋದಳು.

"ಅಲ್ಲಿ ಇಡ್ಬೇಡ. ಹಾಲಿನ ಡಬ್ಬ ಮೊದಲು ತೆಗೆದು ನೋಡ್ತಾರೆ. ನಾವು ಹಾಗೇ ಮಾಡ್ತಿದ್ದದ್ದು."

"ಮತ್ತೆ ಎಲ್ಲಿ ಇಡ್ಬೇಕು, ನಿನ್ನ ಕೈಯಲ್ಲಾ?"

ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ಪುಷ್ಪಾವತಿ ತನ್ನ ಜಾಗಕ್ಕೆ ಹೋಗಿ ಕುಳಿತಳು.

ಕಾವಲಿನವನು ಬಸ್ಸಿನೊಳಗೆ ಬಂದು ಚೀಲಗಳನ್ನು ಸುರಿದ. ಡಬ್ಬ ಕಂಡಿದ್ದೇ ಮುಚ್ಚಳ ತೆಗೆದು ಮೊಣಕೈವರೆಗೂ ಕೈ ಹಾಕಿದ. ಬಳೆಗಳು ಬಿಳಿ ಪುಡಿ ಮೆತ್ತಿಕೊಂಡು ಹೊರಬಂದವು. ಹಾಲಿನ ಪುಡಿಯೆಲ್ಲ ಬಸ್ಸಿನ ನೆಲಕ್ಕೆ ಚೆಲ್ಲಿತು. ಆ ಕ್ಷಣ ಪುಷ್ಪಾವತಿಯ ಎದೆಯಲ್ಲಿ ಒಂದು ಬಗೆಯ ತಂಪು ಹರಿಯಿತು. ಆಗಬೇಕಾದ್ದೇ ಆಯಿತು ಎಂಬ ತಂಪು. ಮರುಕ್ಷಣ ಮಗು ಅಳುವುದು ಕೇಳಿಸಿತು. ಆದರೂ ಆ ತಂಪು ಪೂರ್ತಿ ಹೋಗಲಿಲ್ಲ.

"ನಾನು ಹೇಳಿದ್ದೆ," ಎಂದಳು. ಹೇಳಬಾರದಿತ್ತು.

ಸಫೂರಾ ಎದ್ದು ನಿಂತಳು. "ಇವಳೇ ಕಣ್ಣಲ್ಲಿ ತೋರಿಸಿದ್ದು. ನಾನು ಡಬ್ಬದಲ್ಲಿ ಇಡುವಾಗ ನೋಡಿದವಳು ಇವಳೊಬ್ಬಳೇ."

"ನನ್ನ ಮಕ್ಕಳಾಣೆಗೂ ಇಲ್ಲ."

"ನಿನ್ನ ಆಣೆ ಯಾರಿಗೆ ಬೇಕು?" ಎಂದ ಅಬ್ದುಲ್ ರಹಿಮಾನ್. ಅವನ ಕೈ ಮೇಲೆದ್ದಿತ್ತು. ಡ್ರೈವರ್ "ಯಲ್ಲಾ, ಯಲ್ಲಾ" ಎಂದು ಬಸ್ಸು ಹೊರಡಿಸಿದ್ದರಿಂದ ಕುಳಿತುಕೊಂಡ.

ಗಡಿ ದಾಟಿ ಡೇರೆಗಳ ಬಳಿ ಇಳಿದಾಗ ಗಂಡಸರು ಎಲ್ಲರ ಗಂಟುಗಳನ್ನೂ ಬಸ್ಸಿನ ಮೇಲಿನಿಂದ ಇಳಿಸಿಕೊಟ್ಟರು, ಪುಷ್ಪಾವತಿಯದನ್ನು ಬಿಟ್ಟು. ಸೀರೆ ಎತ್ತಿ ಕಟ್ಟಿ ಅವಳೇ ಏಣಿ ಹತ್ತಿದಳು. ಕೆಳಗೆ ನಿಂತವರು ನೋಡುತ್ತಿದ್ದರು. ಡೇರೆಯ ಬಾಗಿಲಲ್ಲಿ ಫೆಲ್ಸಿ ಅಡ್ಡ ನಿಂತಿದ್ದಳು.

"ಇಲ್ಲಿ ಜಾಗ ಇಲ್ಲ."

"ಫೆಲ್ಸಿ ಬಾಯಿ, ನೀವೂ ನಂಬ್ತೀರಾ?"

"ನನಗೆ ಗೊತ್ತಿಲ್ಲ. ಇವರೊಟ್ಟಿಗೆ ನಾನು ಇರ್ಬೇಕಲ್ಲ."

ಪುಷ್ಪಾವತಿ ಗಂಟನ್ನು ತಲೆಗೇರಿಸಿಕೊಂಡು ಹೊರಟಳು. ಭಾಷೆ ತಿಳಿಯದ ಬೇರೆ ಕಡೆಯವರ ಡೇರೆಯ ಮೂಲೆಯಲ್ಲಿ, ವಿಮಾನ ಸಿಗುವ ತನಕ ಇದ್ದಳು.

ಬಳೆ ಹಿಡಿಸಿಕೊಟ್ಟವಳು ಇವಳೇ ಎಂಬ ಸುದ್ದಿ ಊರಿಗೆ ಅವಳಿಗಿಂತ ಮೊದಲೇ ಮುಟ್ಟಿತ್ತು. ಮರುವರ್ಷ ಯುದ್ಧ ಮುಗಿದು ಕೆಲಸಕ್ಕೆ ಕರೆ ಬಂದಾಗ ರೋಹಿದಾಸ ಬೇಡವೆಂದ. "ಇಷ್ಟೆಲ್ಲ ಆದ ಮೇಲೆ ಪುನಃ ಅದೇ ಕೆಲಸವಾ?"

"ಇಲ್ಲಿ ಮಾತ್ರ ಎಂತ ಮರ್ಯಾದೆ ಉಂಟು ನನಗೆ?" ಎಂದಳವಳು.

ಎಣ್ಣೆ ಬಾವಿಗಳ ಹೊಗೆ ಇನ್ನೂ ಆಕಾಶದಲ್ಲಿದ್ದಾಗ ಅವಳು ಮರಳಿದಳು. ನಿಲ್ದಾಣದಲ್ಲಿ ಎಲ್ಲ ಬೇರೆಯಾಗಿತ್ತು. ತಪಾಸಣೆ ಈಗ ಒಂದು ಗುತ್ತಿಗೆ ಕಂಪನಿಯ ಕೈಯಲ್ಲಿತ್ತು, ಕೆಲಸ ವರ್ಷದಿಂದ ವರ್ಷಕ್ಕೆ ಮಾತ್ರ. ಮೈಮೇಲೆ ಲೋಹವಿದ್ದವರು ನಡೆದು ದಾಟಿದರೆ ಕೂಗುವ ಬಾಗಿಲು ಬಂದಿತ್ತು. ಬಾಗಿಲು ಕೂಗಿದರೆ ಮಾತ್ರ ಮುಟ್ಟಬೇಕೆಂದು ಮೇಲ್ವಿಚಾರಕ ಹೇಳಿದಾಗ ಅವಳಿಗೆ ಹಾಯೆನಿಸಿತು. ಆ ಹಾಯಿ ಹೆಚ್ಚು ದಿನ ಉಳಿಯಲಿಲ್ಲ. ಯುದ್ಧದಲ್ಲಿ ಇರಾಕಿನ ಪಕ್ಷ ಹಿಡಿದ ದೇಶಗಳ ಪಾಸ್‌ಪೋರ್ಟಿನವರನ್ನು, ಬಾಗಿಲು ಕೂಗದಿದ್ದರೂ, ಬಟ್ಟೆ ಬಿಚ್ಚಿಸಿ ನೋಡಬೇಕೆಂದು ಅವನೇ ಬಂದು ಹೇಳಿದ.

ಹಾಗೆ ಮೊದಲು ಬಂದವಳು ದೇಶ ಬಿಟ್ಟು ಹೋಗುತ್ತಿದ್ದ ಒಬ್ಬ ಟೀಚರ್. ಮಕ್ಕಳನ್ನು ಹೊರಗೆ ನಿಲ್ಲಿಸಿ ಒಳಗೆ ಬಂದವಳೇ ಅರಬ್ಬಿಯಲ್ಲಿ ಬೈಯತೊಡಗಿದಳು. ನಿನ್ನಂಥವರಿಗೆ ನಾಚಿಕೆಯಿಲ್ಲ, ಯಾರು ಅನ್ನ ಹಾಕಿದರೆ ಅವರ ನಾಯಿ ನೀವು, ಎಂದಳು. ಅಷ್ಟು ಅರಬ್ಬಿ ಪುಷ್ಪಾವತಿಗೆ ತಿಳಿಯುತ್ತಿತ್ತು. ಅವಳು ಪರದೆ ಎಳೆದಳು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಆ ಹೆಂಗಸು ಅಂಗಿಯ ಗುಂಡಿಗೆ ಕೈ ಹಾಕಿದಾಗ ಬೇಡವೆಂದು ತಲೆಯಾಡಿಸಿದಳು. ಇದೂ ಒಂದು ಬಗೆಯ ಅವಮಾನವೆಂದುಕೊಂಡ ಆಕೆ ಇನ್ನಷ್ಟು ಬೈದಳು. ಮೇಲ್ವಿಚಾರಕನಿಗೆ ಸಂಶಯ ಬಾರದಂತೆ, ಪೂರ್ತಿ ತಪಾಸಣೆಗೆ ಬೇಕಾಗುವಷ್ಟು ಹೊತ್ತು ಇಬ್ಬರೂ ಹಾಗೆಯೇ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತ ನಿಂತರು.

"ಖಲಾಸ್," ಎಂದಳು ಪುಷ್ಪಾವತಿ. ಆಕೆ ಅವಳ ಕಾಲ ಬಳಿ ಉಗುಳಿ ಹೊರಟುಹೋದಳು.

ಎಲ್ಲರಿಗೂ ಹಾಗೆ ಮಾಡಿದಳೆಂದಲ್ಲ. ಮೇಲ್ವಿಚಾರಕ ಪರದೆಯ ಹತ್ತಿರವೇ ನಿಂತ ದಿನ ಬಿಚ್ಚಿಸಿಯೇ ನೋಡಿದಳು. ಬೈಗುಳ ಮಿತಿ ಮೀರಿದ ದಿನಗಳಲ್ಲಿ, ಅವನು ಇರದಿದ್ದರೂ ನೋಡಿದಳು. ಮರುವರ್ಷ ಕಂಪನಿ ಅವಳ ಗುತ್ತಿಗೆಯನ್ನು ಮುಂದುವರಿಸಿತು.