ಹಿಂದೆ ಕೂಡುವವರನ್ನು ಕೇಳಿದ ಮಿಸ್ತ್ರಿ

ಹಿತ್ತಲಲ್ಲಿ ಚಾದರ ಒಗೆಯುತ್ತಿದ್ದೆ. ಪಕ್ಕದ ಓಣಿಯ ಬೈಕ್ ಮಿಸ್ತ್ರಿ ತೀರಿಕೊಂಡರೆಂದು ನಮ್ಮ ಮನೆಯವರು ಬಂದು ಹೇಳಿದರು.

ಗಾಡಿಯ ಸೀಟು ಮುಟ್ಟುವ ಮೊದಲು ಅವರು ಗ್ರೀಸಿನ ಕೈಯನ್ನು ತಮ್ಮ ಅಂಗಿಗೇ ಒರೆಸಿಕೊಳ್ಳುತ್ತಿದ್ದರು. ಹಳೆ ಗಾಡಿಗಳನ್ನು ಸರಿಮಾಡಿ ಮಾರುತ್ತಲೂ ಇದ್ದರು. ಕೊಳ್ಳಲು ಬಂದವರಿಗೆಲ್ಲ ಒಂದೇ ಮಾತು: “ಹಿಂದ ಕೂಡಾವ್ರು ಎಲ್ಲಿ ಅದಾರ್ರಿ?”

ಮನೆಯವರಿಗೆ ಕೇದಾರದ ಕಡೆ ಹೋಗಲು ಜೋರಾಗಿ ಓಡುವ ಬೈಕು ಬೇಕಿತ್ತು. ಕೇದಾರನಾಥನನ್ನು ನೋಡುವ ಆಸೆ ನನಗೆ ಮದುವೆಗೂ ಮೊದಲಿನದು, ಬಾಯಿಬಿಟ್ಟಿರಲಿಲ್ಲ. ಗಾಡಿ ನೋಡಲು ಹೋದಾಗ ನಾನೂ ಜೊತೆಗಿದ್ದೆ. ಅವರು ಮೆಚ್ಚಿದ ಬೈಕಿನ ಹಿಂದಿನ ಸೀಟು ಅಂಗೈಯಗಲ ಇತ್ತು.

“ಅಕ್ಕಾರ, ಹತ್ರಿ. ಇಲ್ಲೇ ಸೂಡಿ ಊರ ಮಟ ಹೋಗಿ ಬರ್ರಿ,” ಎಂದರು ಮಿಸ್ತ್ರಿ.

“ಆಕಿ ಯಾಕ? ನಾ ಒಬ್ಬಾಂವ ಹೊಂಟೀನಿ,” ಎಂದರು ಮನೆಯವರು.

“ದೇವರ ದರ್ಶನಾನೂ ನೀವೊಬ್ಬರ ತಗೋತೀರೇನ್ರಿ ಸಾವ್ಕಾರ್ರ?” ಎಂದು ನಕ್ಕು, ಮಿಸ್ತ್ರಿ ನನ್ನ ಕಡೆ ತಿರುಗಿದರು. “ನೀವ ಹೇಳ್ರಿ ಅಕ್ಕಾರ, ಹೋಗೂದೈತೋ ಇಲ್ಲೋ?”

ಅಲ್ಲಿಯವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ. “ಹೋಗೂದೈತ್ರಿ,” ಎಂದುಬಿಟ್ಟೆ. ಮನೆಯವರು ನನ್ನ ಮುಖ ನೋಡಿ ಗಾಡಿ ಚಾಲೂ ಮಾಡಿದರು; ನಾನು ಹಿಂದೆ ಹತ್ತಿದೆ.

ಸೂಡಿಗೆ ಹೋಗಿ ಬರುವಷ್ಟರಲ್ಲಿ ಸೊಂಟ ಹಿಡಿದಿತ್ತು. ನಾನು ಇಳಿದ ರೀತಿ ನೋಡಿಯೇ ಮಿಸ್ತ್ರಿ ಆ ಬೈಕನ್ನು ಒಳಗೆ ತಳ್ಳಿ, ಅಗಲ ಸೀಟಿನದೊಂದನ್ನು ಹೊರಗೆ ತಂದರು. ಓಟದಲ್ಲಿ ಅದೂ ಕಡಿಮೆಯಿರಲಿಲ್ಲ. ಅದರ ಮೇಲೆ ಕೂತು ಹೋಗಿಯೇ ನಾನು ಕೇದಾರನಾಥನನ್ನು ಕಂಡೆ. ಶಿವ ನನಗೆ ಕೊಟ್ಟದ್ದನ್ನು ಎಣಿಸುವಾಗ ಆ ಮಿಸ್ತ್ರಿಯ ಪ್ರಶ್ನೆಯನ್ನೂ ಸೇರಿಸುತ್ತೇನೆ.

ಸಾವಿನ ಮನೆಯಲ್ಲಿ ಇವತ್ತು ಒಲೆ ಹೊತ್ತುವುದಿಲ್ಲ. ಕೈ ತೊಳೆದುಕೊಂಡು ಒಳಗೆ ಬಂದು, ಅವರ ಮನೆಮಂದಿಗೂ ಆಗುವಷ್ಟು ಜೋಳದ ಹಿಟ್ಟು ನಾದಲು ಕೂತೆ.