ಗಾಳಿಗೆ ನನ್ನ ಪಾಳಿ

ಆ ಭಾನುವಾರ ಮಾಡಿದ ಕೆಲಸಗಳು ಇವು. ಹಂಡೆಗೆ ನೀರು ತುಂಬಿ ಒಲೆ ಹಚ್ಚಿದೆ. ಬಾಗಿಲಿಗೆ ನೀರು ಹಾಕಿ ರಂಗೋಲಿಯ ನಾಲ್ಕು ಎಳೆ ಎಳೆದೆ. ಅತ್ತೆಯ ಮಾತ್ರೆಗಳನ್ನು ಬಟ್ಟಲಲ್ಲಿಟ್ಟು ಮೇಲೊಂದು ತಟ್ಟೆ ಮುಚ್ಚಿದೆ. ಹಾಲು ಕಾಯಿಸಿದೆ. ಹೆಸರುಕಾಳು ನೆನೆಹಾಕಿದೆ. ನೂಲು ಸುತ್ತಿದ ಕಂಡಿಕೆಗಳನ್ನು ಬುಟ್ಟಿಗೆ ತುಂಬಿಸಿ ಮಗ್ಗದ ಬಳಿ ನಮ್ಮ ಯಜಮಾನರ ಕೈಗೆ ಸಿಗುವ ಹಾಗೆ ಇಟ್ಟೆ. ಸೈಕಲ್ಲಿನ ಗಾಲಿಗಳಿಗೆ ಗಾಳಿ ಹೊಡೆದು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಖಾನಾಪುರಕ್ಕೆ ಹೋಗಿ ಬಂದೆ. ಬಂದ ಮೇಲೆ ಬಟ್ಟೆ ಒಗೆದು ಮಾಳಿಗೆಯ ಮೇಲೆ ಒಣಹಾಕಿದೆ.

ಇದರಲ್ಲಿ ಖಾನಾಪುರದ್ದೊಂದನ್ನು ಬಿಡಿಸಿ ಹೇಳಬೇಕು.

ನಮ್ಮದು ವಡಗಾವಿಯ ಒಂದು ಓಣಿ. ಎದುರುಬದುರಾಗಿ ಎರಡು ಸೈಕಲ್ ಬಂದರೆ ಒಂದು ಯಾರದೋ ಕಟ್ಟೆಗೆ ಒರಗಬೇಕು. ಮನೆಯ ಮುಂದಿನ ಕೋಣೆಯಲ್ಲಿ ಯಜಮಾನರ ಕರೆಂಟಿನ ಮಗ್ಗ, ಹಿಂದೆ ಅಡುಗೆಮನೆ, ನಡುವೆ ಅತ್ತೆಯ ಮಂಚ. ನಾನು ಸಾಂಬ್ರಾದ ಕಡೆ ಒಂದು ಶಾಲೆಯ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಬಸ್ಸಿನಲ್ಲಿ ಬಾಗಿಲಿಗೆ ಜೋತು ಬೀಳುವುದು ಬೇಸರವಾಗಿ ಸೈಕಲ್ ಹಿಡಿದೆ. ವಿಮಾನ ಇಳಿಯುವ ಆ ಬಯಲಿನಲ್ಲಿ ಗಾಳಿಗೆ ಅಡ್ಡ ಒಂದು ಗಿಡವೂ ಇಲ್ಲ. ಮಳೆಗಾಲದ ಸಂಜೆ ಮನೆಗೆ ಹೊರಟರೆ ಪಡುವಣ ಗಾಳಿ ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕುತ್ತದೆ. ಹಾಗೆ ನೂಕಿಸಿಕೊಂಡೇ ವರ್ಷಗಳು ಕಳೆದವು. ಆಮೇಲೆ ಒಬ್ಬರು ಬಳಸಿ ಬಿಟ್ಟ ತೆಳು ಗಾಲಿಯ ರೇಸ್ ಸೈಕಲ್ ಕೊಂಡೆ, ಭಾನುವಾರ ಬೆಳಿಗ್ಗೆ ಹೋಗುವ ಒಂದು ಗುಂಪಿಗೆ ಸೇರಿದೆ. ಐವತ್ತರ ಹತ್ತಿರ ಬಂದ ಹೆಂಗಸು ಅದರಲ್ಲಿ ನಾನೊಬ್ಬಳೇ.

ಗುಂಪಿನಲ್ಲಿ ಸೈಕಲ್ ಹೊಡೆಯುವುದಕ್ಕೆ ಒಂದು ರೀತಿಯಿದೆ. ಎಲ್ಲರಿಗಿಂತ ಮುಂದಿರುವವರು ಗಾಳಿಯನ್ನು ಸೀಳುತ್ತಾರೆ, ಹಿಂದಿನವರು ಅವರ ಮರೆಯಲ್ಲಿ ಕಡಿಮೆ ದಣಿಯುತ್ತಾರೆ. ಮುಂದಿನವರು ದಣಿದಾಗ ಮೊಣಕೈ ಅಲುಗಿಸಿ ಬದಿಗೆ ಸರಿದು ಸಾಲಿನ ಕೊನೆಗೆ ಹೋಗುತ್ತಾರೆ, ಮುಂದಿನ ಪಾಳಿ ಇನ್ನೊಬ್ಬರದು. ಗಾಲಿಗೂ ಗಾಲಿಗೂ ನಡುವೆ ಒಂದು ಗೇಣು ಜಾಗ. ರಸ್ತೆಯಲ್ಲಿ ತಗ್ಗು ಬಂದರೆ ಮುಂದಿನವರು ಬೆರಳು ತೋರಿಸಿ ಕೂಗಬೇಕು. ನಮ್ಮಲ್ಲಿ ಕೆಲವರು "ತಗ್ಗು!" ಅನ್ನುತ್ತಾರೆ, ಕೆಲವರು "ಖಡ್ಡಾ!" ಅನ್ನುತ್ತಾರೆ. ಯಾವ ಭಾಷೆಯಲ್ಲಿ ಕೂಗಿದರೂ ಸೈಕಲ್ಲುಗಳೆಲ್ಲ ಒಂದೇ ಬದಿಗೆ ಹೊರಳುತ್ತವೆ.

ಈ ಪಾಳಿ ನನಗೆ ಒಂದು ದಿನವೂ ಸಿಕ್ಕಿರಲಿಲ್ಲ. ಪೇಟೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿರುವ ಒಬ್ಬರು ನಮ್ಮ ಗುಂಪಿನ ಹಿರಿಯರು. ನಾನು ಮುಂದೆ ಬರುವುದು ಕಂಡರೆ ಸಾಕು, "ವೈನಿ, ನೀವ್ಯಾಕ? ಹಿಂದ ಆರಾಮ ಬರ್ರಿ, ನಾವದೀವಲ್ಲ" ಎಂದು ಕೈ ಅಡ್ಡ ಮಾಡುತ್ತಿದ್ದರು. ವೈನಿ ಅಂದರೆ ನಮ್ಮ ಕಡೆ ಅತ್ತಿಗೆ. ಮೊದಮೊದಲು ಒಳ್ಳೆಯವರು ಅನಿಸಿತ್ತು. ಆಮೇಲೆ ತಿಳಿಯಿತು. ಪಾಳಿ ಹಿಡಿಯದವರು ಗುಂಪಿನೊಳಗೆ ಇದ್ದರೂ ಗುಂಪಿನವರಲ್ಲ, ಸಾಮಾನು.

ಆ ಭಾನುವಾರದ್ದು ಸ್ಪರ್ಧೆ. ಉದ್ಯಮಬಾಗದಿಂದ ಹೊರಟು ಖಾನಾಪುರದಲ್ಲಿ ತಿರುಗಿ ವಾಪಸ್ಸು. ಮುಂದಿನವರು ತಿರುಗಿ ಸ್ವಲ್ಪ ಹೊತ್ತಾದ ಮೇಲೆ ಖಾನಾಪುರದ ತಿರುವಿನಲ್ಲಿ ಒಂದು ಹಗ್ಗ ಕಟ್ಟುತ್ತಾರೆ. ಹಗ್ಗ ಕಟ್ಟಿದ ಮೇಲೆ ಬಂದವರ ಸೈಕಲ್ ಟೆಂಪೋಕ್ಕೆ, ಅವರೂ ಟೆಂಪೋಕ್ಕೆ. ಹಿಂದಿನ ಭಾನುವಾರವೇ ಹಿರಿಯರು ಎಲ್ಲರೆದುರು ಹೇಳಿದ್ದರು:

"ವೈನಿ, ಸಿಟ್ಟಾಗಬ್ಯಾಡ್ರಿ. ಟೆಂಪೋ ಹತ್ತಿದ್ರಿ ಅಂದ್ರ ಅದರ ಮುಂದಿನ ಐತವಾರದಿಂದ ನಿಮಗ ಹೆಣ್ಮಕ್ಕಳ ರೈಡ್ ಛಲೋ. ಗುಂಪು ಒಬ್ಬರ ಸಲುವಾಗಿ ನಿಂದರಾಕ ಆಗೂದಿಲ್ಲ ನೋಡ್ರಿ."

"ಟೆಂಪೋ ಹತ್ತದಿದ್ರ?" ಅಂದೆ.

"ಹತ್ತದಿದ್ರ ನಮ್ಮ ಕೂಡ ಅದೀರಿ. ಮತ್ತೇನೈತಿ?"

ಹೆಣ್ಮಕ್ಕಳ ರೈಡ್ ಅಂದರೆ ಕೋಟೆ ಕೆರೆಯ ಸುತ್ತ ಎರಡು ಸುತ್ತು, ಬಲೂನು ಕಟ್ಟಿ ಫೋಟೋ, ಕೊನೆಗೆ ಉಪ್ಪಿಟ್ಟು. ಉಪ್ಪಿಟ್ಟಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನನಗೆ ಬೇಕಾದದ್ದು ರಸ್ತೆ.

ಸ್ಪರ್ಧೆಯ ಬೆಳಿಗ್ಗೆ ಅತ್ತೆ ಮಂಚದ ಮೇಲಿಂದ ನನ್ನ ಕರಿಯ ಬಿಗಿ ಪ್ಯಾಂಟು ನೋಡಿ, "ಇದೇನ ಹಾಕ್ಕೊಂಡಿಯವ್ವ, ಕಾಲಿಗೆ ಡಾಂಬರ್ ಬಳಕೊಂಡಂಗ ಕಾಣತೈತಿ" ಅಂದರು. ಹಾಗಂದವರೇ ಬೆಲ್ಲ, ತುಪ್ಪ ಹಾಕಿ ಮುರಿದ ಚಪಾತಿಯ ಮಾದಲಿ ಕಟ್ಟಿಕೊಟ್ಟರು. "ಟೆಂಪೋದಾಗ ಕುಂತು ತಿನಬ್ಯಾಡ. ಅದಕ್ಕ ಮಾಡಿಲ್ಲ ಇದನ್ನ." ಮಗ್ಗದ ಸದ್ದಿನಲ್ಲಿ ಯಜಮಾನರ ಮಾತು ಎಂದೋ ಕಡಿಮೆಯಾಗಿದೆ. ಮಗ್ಗಕ್ಕೆ ಹಾಕುವ ಎಣ್ಣೆಯ ಡಬ್ಬಿ ತಂದು ನನ್ನ ಚೈನಿಗೆ ಎರಡು ಹನಿ ಬಿಟ್ಟು, ಕೈಯಿಂದ ಪೆಡಲ್ ತಿರುಗಿಸಿ ಕಿವಿಗೊಟ್ಟು ನೋಡಿದರು.

ಪೀರನವಾಡಿ ದಾಟಿದರೂ ಎಲ್ಲರೂ ಒಟ್ಟಿಗೇ ಇದ್ದೆವು. ಮಳೆ ನಿಂತಿತ್ತು, ಗಾಳಿ ನಿಂತಿರಲಿಲ್ಲ. ಗೋವಾದ ಕಡೆಯಿಂದ ನೇರ ಮುಖಕ್ಕೆ ಬರುತ್ತಿತ್ತು. ಗುಂಪಿನ ನಡುವೆ ಇದ್ದಾಗ ಕಾಣುವುದು ರಸ್ತೆಯಲ್ಲ, ಮುಂದಿನವರ ಬೆನ್ನು. ಬೆವರು, ನೋವಿನ ಎಣ್ಣೆ, ಯಾರೋ ಬೆಳಿಗ್ಗೆ ತಿಂದು ಬಂದ ಬೆಳ್ಳುಳ್ಳಿ ಚಟ್ನಿ, ಎಲ್ಲದರ ವಾಸನೆ ಮೂಗಿಗೆ ಬರುತ್ತದೆ. ಯಾರೂ ಪೆಡಲ್ ತುಳಿಯದ ಒಂದು ಗಳಿಗೆಯಲ್ಲಿ ಗಾಲಿಗಳೆಲ್ಲ ಒಟ್ಟಿಗೆ ಟಿಕಟಿಕ ಅನ್ನುತ್ತವೆ. ನಮ್ಮ ಓಣಿಯಲ್ಲಿ ಕರೆಂಟು ಬಂದಾಗ ಮಗ್ಗಗಳೆಲ್ಲ ಒಮ್ಮೆಲೆ ಶುರುವಾದ ಹಾಗೆ ಮೈ ಜುಂ ಅನ್ನುತ್ತದೆ. ಮಚ್ಛೆಯಲ್ಲಿ ಮುಂದೆ ಹೋಗಲು ನೋಡಿದೆ. ಹಿರಿಯರು ಎಂದಿನಂತೆ ಕೈ ಅಡ್ಡ ಮಾಡಿದರು. ಸುಮ್ಮನೆ ಸಾಲಿನ ಕೊನೆಗೆ ಬಂದೆ.

ದೇಸೂರು ದಾಟಿದ ಮೇಲೆ ರಸ್ತೆಯ ಬದಿಗೆ ಒಂದು ಸಣ್ಣ ಹಣಮಪ್ಪನ ಗುಡಿ ಇದೆ. ಪ್ರತಿ ಭಾನುವಾರ ಅದರ ಮುಂದೆ ಹೋಗುವಾಗ ಗುಂಪಿನವರೆಲ್ಲ ಹ್ಯಾಂಡಲ್ಲಿನಿಂದ ಒಂದು ಕೈ ತೆಗೆದು ಎದೆಗೆ, ಹಣೆಗೆ ಮುಟ್ಟಿಸುತ್ತೇವೆ. ಯಾರೂ ಕಲಿಸಿದ್ದಲ್ಲ, ಯಾರೂ ಬಿಟ್ಟದ್ದೂ ಇಲ್ಲ. ಹಿರಿಯರು ಮಾತ್ರ ಎರಡೂ ಕೈ ಬಿಟ್ಟು ಜೋಡಿಸುತ್ತಾರೆ. ಹೀಗೆ ಕೈ ಬಿಟ್ಟು ಹೊಡೆಯಬಲ್ಲೆ ಎನ್ನುವುದೂ ಆ ನಮಸ್ಕಾರದಲ್ಲಿ ಸ್ವಲ್ಪ ಇರುತ್ತದೆ. ಉಳಿದ ಭಾನುವಾರಗಳಲ್ಲಿ ನಡೆಯುತ್ತಿತ್ತು. ಸ್ಪರ್ಧೆಯ ವೇಗದಲ್ಲಿ, ಆ ಗಾಳಿಯಲ್ಲಿ, ಹಿಂದಿನವರ ಗಾಲಿ ಒಂದು ಗೇಣಿನಲ್ಲಿ ಇರುವಾಗ ನಡೆಯಲಿಲ್ಲ.

ಮುಂದಿನ ಹುಡುಗರು ಒಂದೊಂದು ಕೈ ಎತ್ತಿ ಸಾಗಿದರು. ಹಿರಿಯರು ಎರಡೂ ಕೈ ಜೋಡಿಸಿದರು. ಗಾಳಿ ಒಮ್ಮೆ ಬೀಸಿತು. ಅವರ ಮುಂದಿನ ಗಾಲಿ ಹೊಯ್ದಾಡಿತು, ಹಿಂದಿನವರ ಗಾಲಿ ಅವರ ಗಾಲಿಗೆ ತಾಗಿತು. ಇಬ್ಬರೂ ನೆಲಕ್ಕೆ. ಕೊನೆಯಲ್ಲಿದ್ದುದರಿಂದ ನನಗೆ ಬ್ರೇಕ್ ಹಿಡಿಯಲು ಜಾಗ ಸಿಕ್ಕಿತು.

ಕಾಲು ಕೆಳಗಿಟ್ಟು ನಿಂತೆವು. ಒಬ್ಬರ ಮೊಣಕೈ ತರಚಿತ್ತು. ಹಿರಿಯರ ಮೊಣಕಾಲಿನಿಂದ ರಕ್ತ ಕಾಲುಚೀಲಕ್ಕೆ ಇಳಿಯುತ್ತಿತ್ತು.

"ಅಣ್ಣಾರ, ಕಾಲು ಮಡಚಿ ನೋಡ್ರಿ. ಎಲುಬಿಗೇನರ ಆಗೇತೇನು?" ಅಂದೆ.

"ಏನಾಗಿಲ್ಲ, ಏನಾಗಿಲ್ಲ. ನಡೀರಿ, ನಡೀರಿ!" ಅಂದರು. ಮುಂದಿನ ಗಾಲಿಯನ್ನು ತೊಡೆಗಳ ನಡುವೆ ಹಿಡಿದು, ಹೊರಳಿದ ಹ್ಯಾಂಡಲ್ ನೇರ ಮಾಡಿಕೊಂಡರು. ತರಚಿದವರು, "ಎರಡೂ ಕೈ ಮುಗದ್ರಿ, ಹಣಮಪ್ಪ ಎರಡೂ ಕೈಲೆ ಆಶೀರ್ವಾದ ಮಾಡಿದ" ಎಂದು ಗೊಣಗಿದರು. ನಗು ಬಂತು, ನಗಲು ಹೊತ್ತಿರಲಿಲ್ಲ. ಮುಂದಿನವರು ಆಗಲೇ ಏರಿನ ಆಚೆ ಮರೆಯಾಗಿದ್ದರು. ಉಳಿದವರು ನಾವು ಆರು ಜನ. ಖಾನಾಪುರದಲ್ಲಿ ಹಗ್ಗ ಕಾಯುತ್ತಿತ್ತು.

ಹತ್ತಿ ಹೊರಟೆವು. ಆಗ ಒಂದು ತಮಾಷೆ ನಡೆಯಿತು. ಯಾರೂ ಮುಂದೆ ಬರಲೊಲ್ಲರು. ಬಿದ್ದ ಭಯ, ಎದುರು ಗಾಳಿ, ಎಲ್ಲರಿಗೂ ಇನ್ನೊಬ್ಬರ ಬೆನ್ನು ಬೇಕು. ಮದುವೆ ಊಟದಲ್ಲಿ ಮೊದಲ ಪಂಕ್ತಿಗೆ ಕೂರಲು ನಾಚಿಕೊಂಡವರ ಹಾಗೆ "ನೀವು ಹೋಗ್ರಿ", "ಇಲ್ಲ, ನೀವು ಹೋಗ್ರಿ" ಎನ್ನುತ್ತಾ ಐದು ಗಂಡಸರು ಅಡ್ಡಡ್ಡ ಹರಡಿಕೊಂಡು ಮೆಲ್ಲಗೆ ಸಾಗಿದ್ದರು. ನನ್ನ ಮುಂದಿನ ಭಾನುವಾರಗಳೆಲ್ಲ ಆ ಮೆಲ್ಲಗೆಯಲ್ಲಿ ಸೋರಿಹೋಗುತ್ತಿದ್ದವು.

"ಬಾಜುಕ ಸರೀರಿ" ಅಂದೆ.

"ವೈನಿ, ನೀವು ಬ್ಯಾಡ..."

"ಸರೀರಿ ಅಂದ್ನಲ್ಲ!"

ನನಗೆ ಗೊತ್ತಿಲ್ಲದೆಯೇ ದನಿ ಏರಿತ್ತು. ಮಗ್ಗದ ಸದ್ದಿನ ಮೇಲೆ ಮಾತಾಡಿ ರೂಢಿಯಾದ ದನಿ ಅದು. ಸರಿದರು. ಗಾಳಿ ಮುಖಕ್ಕೆ ಬಂತು. ಅಷ್ಟು ತಿಂಗಳು ಬೆನ್ನುಗಳನ್ನೇ ನೋಡಿದವಳಿಗೆ ಮುಂದೆ ಬರೀ ರಸ್ತೆ ಕಂಡಿತು, ಬದಿಗೆ ಭತ್ತದ ಗದ್ದೆ ಕಂಡಿತು. ತಲೆ ತಗ್ಗಿಸಿ ಸಾಂಬ್ರಾದ ಸಂಜೆಯ ಹಾಗೆ ತುಳಿದೆ. ಆತುರವಿಲ್ಲ, ಬಿಡುವೂ ಇಲ್ಲ. ಒಂದು ಪೆಡಲ್, ಆಮೇಲೆ ಇನ್ನೊಂದು. ಹಿಂದಿನಿಂದ ಐದು ಚೈನುಗಳ ಸದ್ದು ಒಂದೇ ಸಾಲಿಗೆ ಬಂದದ್ದು ಕಿವಿಗೆ ತಿಳಿಯಿತು.

"ಸಾಕ್ರಿ ವೈನಿ, ದಣೀತೀರಿ!"

"ನನ್ನ ಪಾಳಿ ಇನ್ನೂ ಮುಗದಿಲ್ಲ."

ತೊಡೆ ಉರಿಯುವವರೆಗೆ ಇದ್ದೆ. ಗಣೇಬೈಲಿನ ಹತ್ತಿರ ಮೊಣಕೈ ಅಲುಗಿಸಿ ಬದಿಗೆ ಸರಿದೆ. "ಬರ್ರಿ, ಈಗ ನಿಮ್ಮದು" ಅಂದೆ. ನಾನು ಹಿಡಿದ ಮೇಲೆ ಒಲ್ಲೆ ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ಒಬ್ಬರಾದ ಮೇಲೊಬ್ಬರು ಬಂದರು. ಸಾಲು ಚಕ್ರದಂತೆ ತಿರುಗತೊಡಗಿತು. ಹಿರಿಯರ ಪಾಳಿ ಬಂದಾಗ ನಾನು ಸಾಲಿನಲ್ಲಿ ಅವರ ಹಿಂದೆಯೇ ಇದ್ದೆ. ಅವರು ಒಂದು ಗಳಿಗೆ ತಡೆದರು. ಮೊಣಕಾಲಿನ ರಕ್ತ ಒಣಗಿ ಕಪ್ಪಾಗಿತ್ತು.

"ಅಣ್ಣಾರ, ನೀವ್ಯಾಕ? ಹಿಂದ ಆರಾಮ ಬರ್ರಿ, ನಾವದೀವಲ್ಲ" ಅಂದೆ.

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಹಿರಿಯರು ತಿರುಗಿ ನೋಡಿದ ನೋಟವನ್ನು ಬರೆಯಲಾರೆ. "ಅಯ್ಯ, ವೈನಿ!" ಅಂದವರೇ ಎದ್ದು ನಿಂತು ತುಳಿಯತೊಡಗಿದರು. ಚೆನ್ನಾಗಿಯೇ ತುಳಿದರು. ಅದನ್ನು ಇಲ್ಲವೆನ್ನಲಾರೆ.

ಖಾನಾಪುರ ಕಂಡಾಗ ತಿರುವಿನಲ್ಲಿ ಹಳದಿ ಅಂಗಿಯವನೊಬ್ಬ ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಬಿಗಿದು, ಇನ್ನೊಂದು ತುದಿ ಹಿಡಿದು ರಸ್ತೆ ದಾಟುತ್ತಿದ್ದ. ಟೆಂಪೋದ ಹಿಂಬಾಗಿಲು ತೆರೆದಿತ್ತು. ಪಾಳಿ ನನ್ನದೇ ಇತ್ತು.

"ಹಗ್ಗ ಇಳಸೋ!" ಎಂದು ಕೂಗಿದೆ. ನನ್ನ ಹಿಂದೆ ಐವರೂ ಕೂಗಿದರು, ಕನ್ನಡದಲ್ಲಿ, ಮರಾಠಿಯಲ್ಲಿ. ಅವನು ಬೆದರಿ ಹಗ್ಗವನ್ನು ನೆಲಕ್ಕೆ ಬಿಟ್ಟ. ಆರೂ ಜನ ಅದರ ಮೇಲೆ ಹಾದು ತಿರುಗಿದೆವು. ಗಾಲಿಯ ಕೆಳಗೆ ಅದು ಟಪ್ ಅಂದದ್ದು ಕೈಗೆ ತಿಳಿಯಿತು. ಬರುವಾಗ ಗಾಳಿ ಬೆನ್ನಿಗಿತ್ತು, ಹೇಳುವಂಥದ್ದೇನೂ ಇಲ್ಲ. ಮುಂದಿನವರು ಸಿಗಲಿಲ್ಲ. ಬಹುಮಾನ ಬೇರೆಯವರಿಗೆ ಹೋಯಿತು, ಹೋಗಲಿ.

ಉದ್ಯಮಬಾಗದಲ್ಲಿ ಚಹಾ ಕುಡಿಯುವಾಗ ಹಿರಿಯರು ಮೊಣಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಬಂದರು. ಸುತ್ತ ನಿಂತವರಿಗೆ, "ಏನ ಅನ್ರಿ, ವೈನಿಯವರನ್ನ ಸಂಭಾಳಿಸಿಕೊಂಡು ಕರಕೊಂಡು ಬಂದ್ವಿ" ಅಂದರು.

ಇಂಥ ಮಾತಿಗೆ ನಕ್ಕು ಸುಮ್ಮನಾಗುವುದೇ ನನ್ನ ರೂಢಿ. ಅಂದು ಚಹಾದ ಕಪ್ಪು ಕೆಳಗಿಟ್ಟೆ.

"ಕರಕೊಂಡು ಬಂದಿಲ್ರಿ ಅಣ್ಣಾರ, ಕೂಡಿ ಬಂದೀವಿ. ಗಣೇಬೈಲ ತನಕ ನೀವು ನೋಡ್ಕೋತ ಬಂದಿದ್ದು ಯಾರ ಬೆನ್ನು?"

ಎಲ್ಲರೂ ನಕ್ಕರು. ಹಿರಿಯರು ಕಪ್ಪಿನೊಳಗೆ ನೋಡುತ್ತಾ ಒಂದು ಗುಟುಕು ಕುಡಿದರು.

"ಮುಂದಿನ ಐತವಾರ ಎಷ್ಟಕ್ಕ?" ಅಂದೆ. ಬಿಡುವವಳಲ್ಲ.

"ಐದೂವರಿಗೆ. ತಡಾ ಮಾಡಬ್ಯಾಡ್ರಿ."

"ಮೊದಲನೇ ಪಾಳಿ ನಂದು."

ಈ ಸಲ ಅವರು ಕೈ ಅಡ್ಡ ಮಾಡಲಿಲ್ಲ. ನಾನೇನು ಅವರ ಹೂಂಗೆ ಕಾದು ನಿಂತಿರಲಿಲ್ಲ.

ಮನೆಯ ಮುಂದೆ ಇಳಿಯುತ್ತಿದ್ದಂತೆ ಮಗ್ಗ ನಿಂತಿತು. ಯಜಮಾನರು ಹೊರಬಂದು ಮೊದಲು ಸೈಕಲ್ ನೋಡಿದರು, ಆಮೇಲೆ ನನ್ನನ್ನು. "ಟೆಂಪೋ?" ಅಂದರು. "ಇಲ್ಲ" ಅಂದೆ. ತಿರುಗಿ ಒಳಗೆ ಹೋಗಿ ಮಗ್ಗ ಶುರುಮಾಡಿದರು. ಎಂದಿಗಿಂತ ಜೋರಾಗಿ ಕೇಳಿಸಿತು, ಅಥವಾ ನನ್ನ ಕಿವಿಗೆ ಹಾಗನಿಸಿತು.

ಸಂಜೆ ಊಟಕ್ಕೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ನಾನು ಒಂದು ರೊಟ್ಟಿ ಹೆಚ್ಚಿಗೆ ತಿಂದೆ. ಮಾದಲಿಯ ಖಾಲಿ ಡಬ್ಬಿಯನ್ನು ಅತ್ತೆ ಮೂಸಿ ನೋಡಿ, "ಎಲ್ಲಿ ಕುಂತು ತಿಂದಿ?" ಎಂದು ಕೇಳಿದರು. "ಚಹಾದ ಅಂಗಡಿ ಕಟ್ಟಿ ಮ್ಯಾಲ" ಅಂದೆ. ಮಂಚಕ್ಕೆ ಒರಗಿ, "ಆ ಎರಡೂ ಕೈ ಮುಗದಿದ್ದು ಇನ್ನೊಮ್ಮೆ ಹೇಳು" ಅಂದರು. ಮೂರನೆಯ ಸಲ ಹೇಳಲು ಕೂತೆ. ಹಿರಿಯರು ಬಿದ್ದಲ್ಲಿ ಅತ್ತೆ ನಕ್ಕರು, ನಾನು ಸರೀರಿ ಅಂದಲ್ಲಿ "ಹಂಗ ಅನಬೇಕು" ಅಂದರು. ಖಾನಾಪುರ ಬರುವ ಮೊದಲೇ ಅತ್ತೆಗೆ ನಿದ್ದೆ ಹತ್ತಿತ್ತು. ಯಜಮಾನರು ಎದ್ದಿದ್ದರು. ಹಗ್ಗದ ಮೇಲೆ ಹಾದದ್ದನ್ನು ಅವರಿಗೆ ಪೂರ್ತಿ ಹೇಳಿದ ಮೇಲೆಯೇ ನಾನು ದೀಪ ಆರಿಸಿದೆ.