ಗ್ರಾಫಿಕ್ಸ್ ಕಾರ್ಡಿನ ಮೇಲೆ ಗುಮಾನಿ

ನಮ್ಮ ಯಜಮಾನರು ಬಸ್ ಡ್ರೈವರ್. ಡಿಪೋದಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ, ‘ಗುಮಾನಿ’ ಎಂದರೆ ಎಲ್ಲರಿಗೂ ಗೊತ್ತು. ಬೆಳಗ್ಗೆ ಬಸ್ಸು ಹತ್ತುವ ಮುಂಚೆ ಅದರ ಸುತ್ತ ಒಂದು ಸುತ್ತು ಬರುತ್ತಾರೆ. ಕಬ್ಬಿಣದ ಸರಳಿನಿಂದ ಟೈರುಗಳಿಗೆ ಬಡಿದು ಸದ್ದು ಕೇಳುತ್ತಾರೆ, ಚಕ್ರದ ಹತ್ತಿರ ಬಗ್ಗಿ ಮೂಸುತ್ತಾರೆ, ಬ್ರೇಕನ್ನು ಒತ್ತಿ ಬಿಟ್ಟು ಒತ್ತಿ ಬಿಟ್ಟು ನೋಡುತ್ತಾರೆ. ಇಷ್ಟೆಲ್ಲ ಆದ ಮೇಲೆ ಮೆಕ್ಯಾನಿಕ್ಕಿನ ಮುಖವನ್ನು ಒಂದು ಸಲ ದುರುಗುಟ್ಟಿ ನೋಡುತ್ತಾರೆ. ಬಸ್ಸು ಸುಳ್ಳು ಹೇಳದಿದ್ದರೂ ಮೆಕ್ಯಾನಿಕ್ ಹೇಳಬಹುದಲ್ಲ!

ಮನೆಯಲ್ಲೂ ಇದೇ ಕಥೆ. ಹಾಲಿನವನು ನೀರು ಬೆರೆಸುತ್ತಾನೆ, ಗ್ಯಾಸ್ ತರುವವನು ಅರ್ಧ ಖಾಲಿ ಸಿಲಿಂಡರ್ ಕೊಡುತ್ತಾನೆ, ಎದುರುಮನೆಯವರು ನಮ್ಮ ಕಡೆ ನೋಡಿ ನಕ್ಕರೆ ಅದಕ್ಕೆ ಏನೋ ಕಾರಣ ಇದೆ. ‘ಈ ಅಂಗಿ ನಿಮಗೆ ಒಪ್ಪುತ್ತೆ ರೀ’ ಎಂದರೆ ಸಾಕು, ‘ಏನು ಬೇಕಿತ್ತು?’ ಎಂದು ಕೇಳುವ ಮನುಷ್ಯ. ಮದುವೆಯಾದ ಹೊಸದರಲ್ಲಿ ಅಳು ಬರುತ್ತಿತ್ತು. ಈಗ ಸುಮ್ಮನೆ ಏನು ಬೇಕೋ ಅದನ್ನು ಹೇಳಿಬಿಡುತ್ತೇನೆ.

ನಾನು ಕಿಟಕಿ ಪರದೆ ಹೊಲಿಯುವವಳು. ನಮ್ಮ ನಡುಮನೆಯಲ್ಲಿ ಒಂದು ಗೋಡೆಗೆ ನನ್ನ ಹೊಲಿಗೆ ಯಂತ್ರ, ಪಕ್ಕದ ಗೋಡೆಗೆ ಕಂಪ್ಯೂಟರ್. ಕಂಪ್ಯೂಟರ್ ಮಗಳದು. ಕಾಲೇಜಿನಲ್ಲಿದ್ದಾಗ ಹಟ ಹಿಡಿದು ಆಟಕ್ಕೆಂದೇ ಜೋಡಿಸಿಕೊಂಡದ್ದು. ಕೆಲಸ ಸಿಕ್ಕ ಮೇಲೆ ಅವಳಿಗೆ ಅದರ ಮುಂದೆ ಕೂರಲು ಪುರುಸೊತ್ತಿಲ್ಲ, ಅಪ್ಪ ನುಗ್ಗಿಬಿಟ್ಟರು. ಅವರು ಆಡುವುದು ಒಂದೇ ಆಟ, ಲಾರಿ ಓಡಿಸುವುದು. ಮೇಜಿಗೆ ಸಿಕ್ಕಿಸುವ ಪುಟ್ಟ ಸ್ಟಿಯರಿಂಗ್ ಚಕ್ರವನ್ನೂ ತಂದುಕೊಂಡಿದ್ದಾರೆ.

‘ಬೆಳಗ್ಗೆಯಿಂದ ತಿರುಗ್ಸಿದ್ದು ಸಾಲ್ದಾ?’ ಎಂದು ನಾನು ನಕ್ಕಿದ್ದೆ.

‘ಬೆಳಗ್ಗೆ ತಿರುಗ್ಸೋದು ಹೊಟ್ಟೆಪಾಡು. ಇಲ್ಲಿ ಯಾರೂ ಬೆಲ್ ಹೊಡೆಯಲ್ಲ, ಚಿಲ್ಲರೆಗೆ ಜಗಳ ಇಲ್ಲ. ದಿನಾ ಹೊಸಾ ರಸ್ತೆ’ ಎಂದರು.

ಅದು ನಿಜ. ಅವರ ಬಸ್ಸಿನ ದಾರಿ ವರ್ಷಗಳಿಂದ ಒಂದೇ. ಯಾವ ತಿರುವಿನಲ್ಲಿ ಯಾವ ಗುಂಡಿ, ಯಾವ ನಿಲ್ದಾಣದಲ್ಲಿ ಯಾವ ಅಜ್ಜಿ ಹತ್ತುತ್ತಾಳೆ ಎನ್ನುವುದೆಲ್ಲ ಬಾಯಿಪಾಠ. ಆಟದಲ್ಲಿ ಮಾತ್ರ ಊರು ಹೊಸದು, ಬೋರ್ಡು ಓದಿಕೊಂಡೇ ಹೋಗಬೇಕು.

ಒಂದು ಸಂಜೆ ಆ ಬೋರ್ಡುಗಳಿಂದಲೇ ತಕರಾರು ಶುರುವಾಯಿತು. ‘ಈ ಕಾರ್ಡ್ ಹೋಯ್ತು’ ಎಂದು ಘೋಷಿಸಿದರು. ಕಂಪ್ಯೂಟರಿನ ಹೊಟ್ಟೆಯೊಳಗೆ ಪರದೆಯ ಮೇಲೆ ಚಿತ್ರ ಬರೆಯುವುದಕ್ಕೆಂದೇ ಒಂದು ಕಾರ್ಡ್ ಇರುತ್ತದಂತೆ, ಗ್ರಾಫಿಕ್ಸ್ ಕಾರ್ಡ್. ಅದು ಹಳೆಯದಾಗಿ ಬೋರ್ಡಿನ ಅಕ್ಷರವೆಲ್ಲ ಕಲಸಿಹೋಗುತ್ತಿದೆ, ಹೊಸದು ಹಾಕಿಸಬೇಕು ಎಂದರು. ಬೆಲೆ ಎಷ್ಟು ಎಂದು ಕೇಳಿ ನನ್ನ ಕಾಲು ಯಂತ್ರದ ಪೆಡಲಿನ ಮೇಲೆ ನಿಂತೇಹೋಯಿತು. ಹೊಸ ಆಟಿಕೆಗೆ ಆಸೆಯಾಗಿದೆ, ಅದಕ್ಕೆ ಹಳೆಯದರ ಮೇಲೆ ಚಾಡಿ ಹೇಳುತ್ತಿದ್ದಾರೆ ಎಂದೇ ನನ್ನ ಅನುಮಾನ.

ಮಗಳು ಬಂದು ಬಗ್ಗಿ ನೋಡಿದಳು. ‘ಚೆನ್ನಾಗೇ ಕಾಣ್ತಿದೆಯಲ್ಲಪ್ಪ.’

‘ನಿಮ್ಮಮ್ಮ ಹೇಳ್ಕೊಟ್ಟಿದಾಳೆ, ಖರ್ಚು ತಪ್ಪಿಸಕ್ಕೆ.’

‘ಅಯ್ಯೋ, ಅಮ್ಮ ನನ್ನ ಜೊತೆ ಮಾತಾಡಿ ಎರಡು ದಿನ ಆಯ್ತು!’

ಅಲ್ಲಿಂದ ತನಿಖೆ ನಡೆಯಿತು. ಬಸ್ಸಿಗೆ ಮಾಡುವುದನ್ನೆಲ್ಲ ಕಂಪ್ಯೂಟರಿಗೂ ಮಾಡಿದರು. ಮಂಡಿಯೂರಿ ಕೂತು ಡಬ್ಬಿಗೆ ಕಿವಿ ಕೊಟ್ಟು ಫ್ಯಾನಿನ ಸದ್ದು ಕೇಳಿದರು. ಹಿಂಬದಿಯಲ್ಲಿ ಮೂಗಿಟ್ಟು ಮೂಸಿದರು. ನನ್ನ ಯಂತ್ರ ಒರೆಸುವ ಬ್ರಶ್ ಕದ್ದು ಧೂಳು ತೆಗೆದರು. ವೈರು ಬದಲಾಯಿಸಿದರು. ಮಹಡಿ ಮನೆಯವರ ಮಾನಿಟರನ್ನು ಒಂದು ಭಾನುವಾರ ಎರವಲು ತಂದು ಸಿಕ್ಕಿಸಿ ನೋಡಿದರು, ಅದೂ ಹಾಗೇ ಕಂಡಿತು. ಸರಿ, ಆ ಮಾನಿಟರೂ ಸರಿಯಿಲ್ಲ, ಕೆಟ್ಟದ್ದೆಂದು ಗೊತ್ತಿದ್ದೇ ಅಷ್ಟು ಸುಲಭವಾಗಿ ಕೊಟ್ಟಿದ್ದಾರೆ ಎಂದರು. ಆಟ ಮಾಡುವ ಕಂಪನಿಯವರೂ ಕಾರ್ಡ್ ಮಾಡುವ ಕಂಪನಿಯವರೂ ಒಳಗೊಳಗೇ ಮಾತಾಡಿಕೊಂಡು, ಹಳೆ ಕಾರ್ಡಿನವರಿಗೆ ಬೇಕೆಂತಲೇ ಮಸುಕು ಮಾಡುತ್ತಾರೆ ಎಂದೂ ಒಂದು ದಿನ ಕಂಡುಹಿಡಿದರು. ಹಾಗಾದರೆ ಕೊಂಡುಕೊಳ್ಳಿ ಎಂದರೆ ಅದೂ ಇಲ್ಲ. ಅಂಗಡಿಯವನು ಮೋಸ ಮಾಡಿದರೆ? ಯಾರೋ ಬಳಸಿ ಬಿಟ್ಟದ್ದನ್ನು ಒರೆಸಿ ಹೊಸ ಡಬ್ಬಿಯಲ್ಲಿ ಹಾಕಿ ಕೊಟ್ಟರೆ? ಕೊಳ್ಳಲೂ ಮನಸ್ಸಿಲ್ಲ, ಬಿಡಲೂ ಮನಸ್ಸಿಲ್ಲ. ನಮ್ಮ ತಲೆ ಮಾತ್ರ ಚಿಟ್ಟು ಹಿಡಿಯಿತು.

ಈ ನಡುವೆ ನನಗೆ ಬೇರೆಯೇ ಗುಮಾನಿ ಶುರುವಾಗಿತ್ತು. ನೆಲ ಒರೆಸುವಾಗ ನೋಡಿದರೆ ಕುರ್ಚಿಯ ಕಾಲಿನ ಗೀರುಗಳು ಮೇಜಿನ ಹತ್ತಿರ ಹತ್ತಿರ ಬಂದಿವೆ. ಈಗೀಗ ಅವರ ಮೂಗು ಪರದೆಗೆ ತಾಗುವುದೊಂದು ಬಾಕಿ. ಪೇಪರನ್ನು ನನ್ನ ಮಡಿಲಿಗೆ ಹಾಕಿ ‘ಓದು, ನಾನು ಕೇಳ್ತೀನಿ’ ಎನ್ನುವುದು ಹೊಸ ಅಭ್ಯಾಸ. ನಾನೇನೋ ಪ್ರೀತಿಯಿಂದ ಎಂದುಕೊಂಡು ಉಬ್ಬಿ ಓದುತ್ತಿದ್ದೆ. ಬೀದಿಯಲ್ಲಿ ನನ್ನ ಅಣ್ಣ ಎದುರು ಬಂದಾಗ, ಅವನು ಬಾಯಿ ತೆರೆದು ‘ಏನ್ ಭಾವ’ ಎನ್ನುವವರೆಗೂ ಇವರು ಅಪರಿಚಿತನನ್ನು ನೋಡಿದ ಹಾಗೆ ನೋಡಿದರು.

ಕಾರ್ಡ್ ಅಲ್ಲ, ಕೆಟ್ಟಿರುವುದು ಕಣ್ಣು.

ಗೊತ್ತಾದ ಮೇಲೆ ಎಷ್ಟು ದಿನ ಬಾಯಿ ಮುಚ್ಚಿಕೊಂಡು ಇರುವುದು? ಒಂದು ಸಲ ಮೆತ್ತಗೆ, ‘ಕಣ್ಣಿನ ಡಾಕ್ಟರ್ ಹತ್ರ ಒಂದ್ಸಲ ತೋರ್ಸೋಣ ರೀ’ ಎಂದೆ. ಮನೆ ಹಾರಿಹೋಗುವ ಹಾಗೆ ಕೂಗಿದರು. ‘ನನ್ನ ಕಣ್ಣಿಗೇನಾಗಿದೆ? ಇಷ್ಟು ವರ್ಷದಲ್ಲಿ ಒಂದು ಗೀರು ಮಾಡಿದೀನಾ ಬಸ್ಸಿಗೆ? ಡಿಪೋದವರೇ ಪರೀಕ್ಷೆ ಮಾಡಿ ಪಾಸ್ ಮಾಡಿದಾರೆ, ನೀನು ಯಾವ ಡಾಕ್ಟರು?’ ಎಂದು ತಟ್ಟೆ ಬಿಟ್ಟು ಎದ್ದರು. ಕಣ್ಣು ಮಂಜಾಗಿದೆ ಎಂದು ತಿಳಿದರೆ ಡಿಪೋದಲ್ಲಿ ಅದೇ ದಿನ ಸ್ಟಿಯರಿಂಗಿನಿಂದ ಇಳಿಸುತ್ತಾರೆ. ಬೇರೆ ಕೆಲಸ ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಇಲ್ಲ. ಇದು ಅವರಿಗೂ ಗೊತ್ತು, ನನಗೂ ಗೊತ್ತು. ನಿಜ ಹೇಳಬೇಕೆಂದರೆ, ಅವರು ಕೂಗಿದಾಗ ನನಗೂ ಒಳಗೊಳಗೇ ಸಮಾಧಾನವಾಯಿತು. ಪಾಸಾಗಿದ್ದಾರಲ್ಲ, ಇದೆಲ್ಲ ನನ್ನ ಭ್ರಮೆಯೇ ಇರಬಹುದು ಎಂದುಕೊಂಡೆ.

ಆದರೂ ಮನಸ್ಸು ತಡೆಯಲಿಲ್ಲ. ಹೊಲಿದ ಪರದೆ ಕೊಟ್ಟುಬರುವ ನೆಪ ಹೂಡಿ ಒಂದು ಬೆಳಗ್ಗೆ ಅವರ ಬಸ್ಸನ್ನೇ ಹತ್ತಿ, ಅವರ ಹಿಂದಿನ ಸಾಲಿನಲ್ಲಿ ಗಂಟು ಮಡಿಲಲ್ಲಿಟ್ಟುಕೊಂಡು ಕೂತೆ. ಗಂಡನ ಮೇಲೆ ಪತ್ತೇದಾರಿಕೆ! ಅವರು ಕನ್ನಡಿಯಲ್ಲಿ ನೋಡಿಯೂ ನನ್ನ ಗುರುತು ಹಿಡಿಯಲಿಲ್ಲ.

ಮೊದಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಎಷ್ಟು ಹಗುರವಾಗಿ ಓಡಿಸುತ್ತಾರೆ! ನಿಂತವರು ಕಂಬಿ ಹಿಡಿಯುವುದೇ ಬೇಡ. ನನ್ನ ಗಂಡ ಎಂದು ಪಕ್ಕದವಳಿಗೆ ಹೇಳಿಬಿಡೋಣ ಎನ್ನಿಸಿತು. ಅಷ್ಟರಲ್ಲಿ ಹಿಟ್ಟಿನ ಗಿರಣಿಯ ಮುಂದೆ ವೇಗ ತಗ್ಗಿಸಿ, ಬಸ್ಸನ್ನು ನಾಜೂಕಾಗಿ ಬಲಕ್ಕೆ ಎಳೆದು, ಒಂದು ಗುಂಡಿ ತಪ್ಪಿಸಿ ಮುಂದೆ ಹೋದರು. ಕಿಟಕಿಯಲ್ಲಿ ಬಗ್ಗಿ ನೋಡಿದೆ. ಅಲ್ಲಿ ಗುಂಡಿಯೇ ಇಲ್ಲ. ಎಂದೋ ಮುಚ್ಚಿ ಡಾಂಬರು ಹಾಕಿದ್ದಾರೆ, ರಸ್ತೆ ನುಣ್ಣಗೆ ಹೊಳೆಯುತ್ತಿದೆ. ಈ ಮನುಷ್ಯ ರಸ್ತೆ ನೋಡಿಕೊಂಡು ಓಡಿಸುತ್ತಿಲ್ಲ, ನೆನಪು ಮಾಡಿಕೊಂಡು ಓಡಿಸುತ್ತಿದ್ದಾರೆ!

ಮುಂದೆ ಶಾಲೆಯ ತಿರುವಿನಲ್ಲಿ ಪೈಪು ಹಾಕಲು ಹೊಸದಾಗಿ ಅಗೆದಿದ್ದರು. ದೂರದಿಂದಲೇ ಕಾಣುವ ಹಾಗೆ ದೊಡ್ಡ ಹಳದಿ ಬೋರ್ಡು ನಿಲ್ಲಿಸಿದ್ದರು. ನನಗೆ ಕಂಡಿತು, ಕಂಡಕ್ಟರಿಗೂ ಕಂಡಿತು. ಬಸ್ಸು ಮಾತ್ರ ನೆಟ್ಟಗೆ ಹೋಗುತ್ತಲೇ ಇತ್ತು. ಅಗೆಯುತ್ತಿದ್ದವನೊಬ್ಬ ಕೈಯೆತ್ತಿ ಬೊಬ್ಬೆ ಹೊಡೆದುಕೊಂಡು ಅಡ್ಡ ಬಂದ ಮೇಲೆ ಬ್ರೇಕ್ ಬಿತ್ತು. ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಶಾಲೆಯ ಚೀಲ ಹಾಕಿಕೊಂಡ ಒಂದು ಮಗುವಿನ ಹಣೆ ಕಂಬಿಗೆ ತಾಗಿ ಬಾತುಕೊಂಡಿತು.

‘ಬ್ರೇಕ್ ಹಿಡೀತಿಲ್ಲ! ಡಿಪೋದಲ್ಲಿ ಏನ್ ಕಿಸೀತಾರೋ ಇವರು!’ ಎಂದು ಯಜಮಾನರು ಕಿರುಚಿದರು.

ಬ್ರೇಕ್ ಹಿಡಿದದ್ದಕ್ಕೇ ನಾವೆಲ್ಲ ಉಳಿದದ್ದು. ನಾನು ಮುಂದಿನ ನಿಲ್ದಾಣದಲ್ಲಿ ತಲೆ ತಗ್ಗಿಸಿ ಇಳಿದುಬಿಟ್ಟೆ. ಆ ಮಗುವಿನ ಅಳು ಮನೆಯವರೆಗೂ ಕಿವಿಯಲ್ಲೇ ಇತ್ತು.

ದಾರಿಯುದ್ದಕ್ಕೂ ಯೋಚಿಸಿದೆ. ಕಣ್ಣು ಎಂದರೆ ಕೂಗುತ್ತಾರೆ. ಕಾರ್ಡಿನ ಮೇಲೆ ಗೂಬೆ ಕೂರಿಸಿಕೊಂಡು ನಿಶ್ಚಿಂತೆಯಾಗಿದ್ದಾರೆ. ಆ ಕಾರ್ಡನ್ನೇ ತೆಗೆದು ಹೊಸದು ಹಾಕಿಬಿಟ್ಟರೆ? ಆಮೇಲೂ ಬೋರ್ಡು ಕಾಣದಿದ್ದರೆ ದೂರಲು ಇನ್ನು ಯಾರೂ ಉಳಿಯುವುದಿಲ್ಲ. ಮಾರನೆಯ ದಿನ ಅವರಿಗೆ ವಾರದ ರಜೆ. ಸಂಜೆ ಅವರು ಬಂದು ಚಪ್ಪಲಿ ಬಿಡುತ್ತಿದ್ದ ಹಾಗೇ ಹೇಳಿದೆ, ‘ನಾಳೆ ಹೋಗಿ ಆ ಕಾರ್ಡ್ ತಂದುಬಿಡೋಣ ರೀ.’

ಅವರು ಒಂದು ಕಾಲಿನ ಚಪ್ಪಲಿಯಲ್ಲೇ ನಿಂತರು. ‘ಯಾಕೆ?’

‘ನಿಮಗೆ ಬೇಕು ಅಂದ್ರಲ್ಲ.’

‘ಒಂದು ಪೊರಕೆ ಕೊಳ್ಳಕ್ಕೆ ನಾಲ್ಕು ಅಂಗಡಿ ತಿರುಗೋಳು ನೀನು. ಇಷ್ಟು ದಿನ ಬೇಡ ಅಂದು ಇವತ್ತು ಯಾಕೆ ಬೇಕು ಅಂತೀಯ?’

‘ಸುಮ್ನೆ. ನಿಮ್ಮ ಗೋಳು ನೋಡಕ್ಕಾಗಲ್ಲ.’

ನನ್ನ ಮುಖದ ಹತ್ತಿರ ಮುಖ ತಂದು ನೋಡಿದರು. ಮೆಕ್ಯಾನಿಕ್ಕನ್ನು ನೋಡುವುದೂ ಹೀಗೆಯೇ ಇರಬೇಕು. ನಾನು ಕಣ್ಣು ಕದಲಿಸಲಿಲ್ಲ. ಆ ರಾತ್ರಿ ಅವರು ಆಟ ಆಡಲಿಲ್ಲ, ಕಂಪ್ಯೂಟರಿನ ಕಡೆಗೇ ಹೋಗಲಿಲ್ಲ.

ಬೆಳಗ್ಗೆ ಹಳೆ ಕಾರ್ಡನ್ನು ಬಿಚ್ಚಿ ಟವೆಲಿನಲ್ಲಿ ಸುತ್ತಿಕೊಂಡು ಹೊರಟರು. ಅಂಗಡಿಯವರು ನಮ್ಮ ವಯಸ್ಸಿನವರೇ, ಬಲು ಮಾತುಗಾರರು. ಪಕ್ಕಪಕ್ಕದಲ್ಲಿ ಎರಡು ಕಂಪ್ಯೂಟರ್ ಇಟ್ಟು, ಒಂದಕ್ಕೆ ನಮ್ಮ ಹಳೆ ಕಾರ್ಡನ್ನೂ ಇನ್ನೊಂದಕ್ಕೆ ಹೊಸದನ್ನೂ ಸಿಕ್ಕಿಸಿ, ಎರಡರಲ್ಲೂ ಅದೇ ಲಾರಿ ಆಟ ಹಚ್ಚಿದರು. ಹಳೆ ಕಾರ್ಡನ್ನು ನಡುವೆ ಅದಲು ಬದಲು ಮಾಡಿಬಿಡುತ್ತಾರೇನೋ ಎಂದು ಯಜಮಾನರು ಅವರ ಕೈಯ ಪಕ್ಕದಲ್ಲೇ ನಿಂತಿದ್ದರು.

‘ನೋಡಿ ಸಾರ್, ವ್ಯತ್ಯಾಸ ನೀವೇ ನೋಡಿ!’ ಎಂದರು ಅಂಗಡಿಯವರು.

ವ್ಯತ್ಯಾಸ ಇತ್ತು. ಹೊಸದರಲ್ಲಿ ಮರದ ಎಲೆಗಳು ಬಿಡಿಬಿಡಿಯಾಗಿ ಅಲ್ಲಾಡುತ್ತಿದ್ದವು, ಲಾರಿಯ ನೆರಳು ರಸ್ತೆಯ ಮೇಲೆ ಅಚ್ಚುಕಟ್ಟಾಗಿ ಬಿದ್ದಿತ್ತು. ನೋಡಲು ಚೆಂದವೇ. ಯಜಮಾನರು ಎರಡೂ ಪರದೆಗಳ ಮುಂದೆ ಬಗ್ಗಿದರು. ಈ ಕಡೆ, ಆ ಕಡೆ, ಮತ್ತೆ ಈ ಕಡೆ. ತುಂಬ ಹೊತ್ತು ಬಗ್ಗಿಯೇ ಇದ್ದರು. ಆಮೇಲೆ ನೆಟ್ಟಗಾಗಿ ಸ್ಟೂಲಿನ ಮೇಲೆ ಕೂತು, ನನ್ನ ಕಡೆ ತಿರುಗದೆ ಕೇಳಿದರು.

‘ಹೊಸದರಲ್ಲಿ ಆ ಬೋರ್ಡಲ್ಲಿ ಏನ್ ಬರ್ದಿದೆ?’

ನಾನು ಓದಿದೆ. ಯಾವುದೋ ಬಂದರಿನ ಹೆಸರು, ಎಡಕ್ಕೆ ಬಾಣ.

‘ಹಳೇದರಲ್ಲಿ?’

ಕಾಣುವುದಿಲ್ಲ ಎಂದು ಒಂದು ಮಾತು ಹೇಳಿಬಿಟ್ಟರೆ ಈ ಮನುಷ್ಯ ಹಿಗ್ಗಿ ಹೊಸ ಕಾರ್ಡ್ ಹೊತ್ತುಕೊಂಡು ಮನೆಗೆ ಬರುತ್ತಾರೆ. ಆ ಹಿಗ್ಗು ನೋಡಬೇಕೆಂದು ಎಷ್ಟು ಆಸೆಯಾಯಿತು! ಆದರೂ ಓದಿದೆ. ಅದೇ ಬಂದರು, ಅದೇ ಬಾಣ.

‘ಸರಿಯಾಗಿ ಕಾಣುತ್ತಾ?’

‘ಕಾಣುತ್ತೆ ರೀ.’

‘ಕಾರ್ಡ್ ಬೇಡ’ ಎಂದು ಅಂಗಡಿಯವರಿಗೆ ಹೇಳಿದರು. ‘ಹಳೇದು ಚೆನ್ನಾಗಿದೆ.’

‘ಬೇರೆ ಅಂಗಡೀಲಿ ಕಡಿಮೆಗೆ ಕೇಳ್ಕೊಂಡು ಬಂದಿದೀರಾ ಸಾರ್? ನಿಜ ಹೇಳಿ’ ಎಂದು ಅವರು ಹಿಂದೆಯೇ ಬಂದರು. ಅವರ ಗುಮಾನಿ ಅವರಿಗೆ.

ಅಂಗಡಿಯ ಹೊರಗೆ ಮೆಟ್ಟಿಲಿನ ಮೇಲೆ ಇಬ್ಬರೂ ಕೂತೆವು. ಟವೆಲಿನ ಗಂಟು ಅವರ ತೊಡೆಯ ಮೇಲಿತ್ತು. ‘ನಿನ್ನೆ ಬಸ್ಸಲ್ಲಿ ಇದ್ದೆಯಂತೆ’ ಎಂದರು. ‘ಕಂಡಕ್ಟರ್ ಹೇಳ್ದ.’

ಟವೆಲಿನ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದರು.

‘ಹೋದ ಸಲ ಕಣ್ಣಿನ ಪರೀಕ್ಷೇಲಿ ನನಗೆ ಏನೂ ಕಾಣಲಿಲ್ಲ ಕಣೇ. ಸಾಲಲ್ಲಿ ಮುಂದೆ ಇದ್ದೋರು ಓದಿದ್ದನ್ನ ಕೇಳಿಸ್ಕೊಂಡು ಒಪ್ಪಿಸ್ಬಿಟ್ಟೆ.’

ಮೈ ಉರಿದುಹೋಯಿತು. ಹಾಲಿನವನು ಕಳ್ಳ, ಮೆಕ್ಯಾನಿಕ್ ಕಳ್ಳ, ಎದುರುಮನೆಯವರು ಕಳ್ಳರು, ಹೆಂಡತಿ ಮಗಳು ಸೇರಿ ಸುಳ್ಳು ಹೇಳುತ್ತಾರೆ! ‘ಆ ಮಗು ಹಣೆ ನೋಡಿದ್ರಾ ನೀವು?’ ಎಂದು ಬೀದಿಯೆಂದೂ ನೋಡದೆ ಕೂಗಿದೆ. ‘ಇನ್ನೊಂದು ಸ್ವಲ್ಪ ಮುಂದೆ ಹೋಗಿದ್ರೆ?’

ಅವರು ಜೇಬಿನಿಂದ ಫೋನ್ ತೆಗೆದು ಬೆರಳಿನಿಂದ ಮೇಲೆ ಕೆಳಗೆ ಸರಿಸಿದರು, ಮುಖದ ಹತ್ತಿರ ತಂದರು, ದೂರ ಹಿಡಿದರು, ಆಮೇಲೆ ನನ್ನ ಕೈಗೆ ಕೊಟ್ಟರು. ‘ಡಿಪೋ ಮ್ಯಾನೇಜರ್ ನಂಬರ್ ಹುಡುಕು. ನಾಳೆ ಡ್ಯೂಟಿ ಹಾಕ್ಬೇಡಿ ಅಂತ ಹೇಳ್ತೀನಿ. ಯಾಕೆ ಅಂತಾನೂ ಹೇಳ್ತೀನಿ.’

ಹೆಸರು ತಕ್ಷಣ ಸಿಕ್ಕಿತು. ಒತ್ತುವುದೊಂದೇ ಬಾಕಿ. ಒತ್ತಿದರೆ ಸಂಬಳ ಏನಾಗುತ್ತದೋ, ಕಣ್ಣಿನ ಡಾಕ್ಟರ್ ಏನು ಹೇಳುತ್ತಾರೋ, ಈ ಮನುಷ್ಯ ಬೆಳಗ್ಗೆ ಎದ್ದು ಎಲ್ಲಿಗೆ ಹೋಗುತ್ತಾರೋ, ಒಂದೂ ಗೊತ್ತಿಲ್ಲ. ನಂಬರ್ ಸಿಗಲಿಲ್ಲ ಎಂದುಬಿಡಬಹುದಿತ್ತು. ಅವರಿಗೆ ಕಾಣುತ್ತಿರಲಿಲ್ಲ.

‘ಸಿಕ್ತಾ?’ ಎಂದರು. ಆ ದನಿಯಲ್ಲಿ ಎಳ್ಳಷ್ಟೂ ಅನುಮಾನ ಇರಲಿಲ್ಲ. ನಾನು ಏನು ಹೇಳಿದರೂ ನಂಬುವ ದನಿ ಅದು. ಇಷ್ಟು ವರ್ಷದ ಸಂಸಾರದಲ್ಲಿ ನಾನು ಕೇಳಿಯೇ ಇರಲಿಲ್ಲ.

‘ಸಿಕ್ತು ರೀ’ ಎಂದು ಒತ್ತಿ, ರಿಂಗಾಗುತ್ತಿದ್ದ ಫೋನನ್ನು ಅವರ ಕಿವಿಗೆ ಹಿಡಿದೆ.